ದೂರ ಸರಿದ ಡಾಲ್ಫಿನ್

ಡಾಲ್ಫಿನ್ ಒಂದರ ಯಕೃತ್ತಿನಲ್ಲಿ ಕಾಮಾಲೆಯ ವೈರಸ್ಸು ಮನೆ ಮಾಡಿತ್ತು. ಬೇಟೆಯಾಡುವ ಶಕ್ತಿಯಿಲ್ಲದೆ ಡಾಲ್ಫಿನ್ ಹಸಿದು ತೇಲುತ್ತಿದ್ದಾಗ, ಅದರ ಹಳೆಯ ಗೆಳೆಯ ಪಾಂಡು ಖಾರ್ವಿ ಎಂದಿನಂತೆ ಹುಟ್ಟುಗೋಲಿನಿಂದ ದೋಣಿಯ ಅಂಚನ್ನು ಬಡಿದು ಕರೆದ: “ಬಾ ಮಾರಾಯ್ತಿ, ಬೂತಾಯಿ ಮೀನು ಉಂಟು!”

“ಹೋಗು ತಾಯಿ, ಹೊಟ್ಟೆ ತುಂಬಾ ತಿನ್ನು,” ಎಂದಿತು ವೈರಸ್ಸು.

“ನನ್ನ ಹೊಟ್ಟೆಯ ಚಿಂತೆ ನಿನಗೇಕೆ?”

“ಅವನು ನಿನ್ನ ಬಾಯೊಳಗೆ ಕೈಯಿಟ್ಟು ಉಣಿಸುತ್ತಾನೆ. ಆ ಕೈಯನ್ನು ಇದೇ ನೀರಿನಲ್ಲಿ ಅದ್ದಿ ಗಂಜಿ ಉಣ್ಣುತ್ತಾನೆ. ಮನುಷ್ಯನ ಮೈ ನನಗೆ ಒಗ್ಗುವುದೋ ಇಲ್ಲವೋ, ಒಮ್ಮೆ ನೋಡಿಬಿಡುತ್ತೇನೆ.”

ಡಾಲ್ಫಿನ್ ದೋಣಿಗೆ ಬೆನ್ನು ತಿರುಗಿಸಿತು.

“ನಂಬಿಕೆದ್ರೋಹಿ ಅನ್ನುತ್ತಾನೆ ನಿನ್ನನ್ನು!” ಎಂದು ವೈರಸ್ಸು ಚುಚ್ಚಿತು.

“ಅನ್ನಲಿ. ಅನ್ನುವುದಕ್ಕೆ ಅವನು ಗಟ್ಟಿಯಾಗಿರಬೇಕಲ್ಲ.”

ದಿನವೂ ಹುಟ್ಟಿನ ಸದ್ದು ಕೇಳುತ್ತಿತ್ತು. ಡಾಲ್ಫಿನ್ ದೂರದಲ್ಲೇ ಉಳಿದು, ಬಾಯಿಗೆ ಸಿಕ್ಕಂಥ ಸಣ್ಣಪುಟ್ಟ ಮೀನಿನಲ್ಲಿ ಜೀವ ಹಿಡಿದುಕೊಂಡು, ಒಳಗಿನ ಶತ್ರುವಿನೊಡನೆ ಸೆಣಸಿತು. ಹೊರಗೆ ದಾರಿ ಕಾಣದ ವೈರಸ್ಸು ಸೊರಗಿತು, ತೊದಲಿತು, ಕೊನೆಗೊಂದು ಬೆಳಿಗ್ಗೆ ಅದರ ಸೊಲ್ಲೇ ಅಡಗಿತು.

ಮೈಯಲ್ಲಿ ಕಸುವು ತುಂಬಿದ ಮೇಲೆ ಡಾಲ್ಫಿನ್ ದೋಣಿಯ ಮುಂದೆ ಆಳೆತ್ತರ ಜಿಗಿಯಿತು.

“ಎಲ್ಲಿ ಹಾಳಾಗಿ ಹೋಗಿದ್ದೆ, ನಂಬಿಕೆದ್ರೋಹಿ!” ಎಂದು ಪಾಂಡು ಕಡಲೇ ನಡುಗುವಂತೆ ಬೈದ.

ಡಾಲ್ಫಿನ್ ಅವನ ಕಣ್ಣುಗಳನ್ನು ನೋಡಿತು. ಅವುಗಳಲ್ಲಿ ಹಳದಿಯ ಸುಳಿವೇ ಇರಲಿಲ್ಲ. ಬೂತಾಯಿಯ ಹೊಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಬೈಗುಳ ಮುಗಿಯುವವರೆಗೂ ಅದು ಜಿಗಿಯುತ್ತಲೇ ಇತ್ತು.