ಗುದ್ದಲಿ ಎಸೆದ ಮಣ್ಣು

ತೀರಿಹೋದ ಹೆಂಡತಿ ಬದನೆ ಪಾತಿಯಲ್ಲಿ ಕಳೆದುಕೊಂಡಿದ್ದ ಕಾಲುಂಗುರ ಹುಡುಕಲು ತಿಪ್ಪಣ್ಣಜ್ಜ ಮೆಟಲ್ ಡಿಟೆಕ್ಟರ್ ತಂದ. ಅದು ಕುಂಯ್ ಎಂದ ಕಡೆ ಗುದ್ದಲಿ ಹುರುಪಿನಿಂದ ಮೊಣಕಾಲುದ್ದ ಅಗೆಯಿತು. ಆಮೇಲೆ ನೋಡಿದರೆ ಗುಂಡಿಯಲ್ಲಿ ಡಿಟೆಕ್ಟರಿನ ಸದ್ದೇ ಇಲ್ಲ.

"ಸುಳ್ಳುಬುರುಕ! ಸುಮ್ಮನೆ ನನ್ನ ಬೆವರಿಳಿಸಿದೆಯಲ್ಲ," ಎಂದಿತು ಗುದ್ದಲಿ. "ಇರಲಿ, ಇನ್ನೂ ಆಳಕ್ಕೆ ಇಳಿದು ನಾನೇ ತೆಗೆಯುತ್ತೇನೆ."

"ಬೇಡಣ್ಣ," ಎಂದಿತು ಡಿಟೆಕ್ಟರ್. "ನಾನು ಆಗ ಕೂಗಿದ್ದೂ ನಿಜ, ಈಗ ಸುಮ್ಮನಾದದ್ದೂ ನಿಜ. ನೀನು ಎಸೆದ ಮಣ್ಣನ್ನು ನೋಡೋಣ."

"ನಾನು ಬೇಡವೆಂದು ಎಸೆದದ್ದರಲ್ಲಿ ಏನಿರುತ್ತದೆ?"

ಅಜ್ಜ ಡಿಟೆಕ್ಟರನ್ನು ಮಣ್ಣಿನ ಗುಡ್ಡೆಯತ್ತ ತಿರುಗಿಸಿದ. ಕುಂಯ್! ಕೈಯಿಂದಲೇ ಕೆದಕಿ, ಗುಡ್ಡೆಯ ತಳದಿಂದ ಉಂಗುರ ಎತ್ತಿ, ಪಂಚೆಯ ಅಂಚಿನಲ್ಲಿ ಒರೆಸಿ ಕಣ್ಣಿಗೊತ್ತಿಕೊಂಡ.

ಗುದ್ದಲಿ ಮೆಲ್ಲಗೆ ಕೇಳಿತು, "ಎಷ್ಟು ಆಳದಲ್ಲಿತ್ತಪ್ಪ?"

"ನಿನ್ನ ಮೊದಲ ಏಟಿಗೇ ಬಂದಿತ್ತಣ್ಣ."