ವೀರಭದ್ರಪ್ಪನವರ ಪಿಕಪ್ಪಿಗೆ ಪೂಜೆ ಕಾಯಿ

ವೀರಭದ್ರಪ್ಪನವರ ಹಳೇ ಪಿಕಪ್ಪಿನ ಹಿಂಬದಿ ತಳದ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು.

“ತಗಡು ಬದಲಿಸ್ಬೇಡ. ಪುಟ್ಟಿ ಮೆತ್ತಿ ಬಣ್ಣ ಹೊಡಿ. ನಾಳೆ ಕೊಳ್ಳೋರು ಬರ್ತಾರೆ. ಬಾಯಿ ಬಿಟ್ರೆ ಶೆಡ್ ಖಾಲಿ ಮಾಡಿಸ್ತೀನಿ,” ಅಂದರು ಟಿಂಕರಿಂಗ್ ಕೆಲಸದವನಿಗೆ. ಶೆಡ್ಡಿನ ಜಾಗ ಅವರದೇ.

ಅವನು ಹೇಳಿದಷ್ಟು ಮಾಡಿದ.

ಮರುದಿನ ಕೊಳ್ಳಲು ಬಂದವನು ಮೇಸ್ತ್ರಿ, ದಿನಾ ಕೂಲಿ ಹೆಂಗಸರನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುವವನು. ಟಿಂಕರಿಂಗಿನವನು ತೆಂಗಿನಕಾಯಿ ಹಿಡಿದು ಬಂದ.

“ನಮ್ಮ ಶೆಡ್ಡಿನ ಪದ್ಧತಿ ಸ್ವಾಮಿ. ಮಾರೋರು ಗಾಡಿ ಮೇಲೆ ನಿಂತೇ ಕಾಯಿ ಒಡೀಬೇಕು.”

ವೀರಭದ್ರಪ್ಪ ಒಂದು ಕಾಲೆತ್ತಿದರು. ಮಿರಮಿರ ಮಿಂಚುವ ತಳ ನೋಡಿ ಇಳಿಸಿದರು.

“ಈಗ ರಾಹುಕಾಲ.”

ಮೇಸ್ತ್ರಿ ಬಗ್ಗಿ ತಳವನ್ನು ಬೆರಳಿಂದ ಕುಟ್ಟತೊಡಗಿದ.

“ಕಾಯೋಣ ಬಿಡಿ,” ಅಂದ ಟಿಂಕರಿಂಗಿನವನು. “ರಾಹುಕಾಲ ಒಂದೂವರೆ ಗಂಟೇಲಿ ಹೋಗುತ್ತೆ. ತುಕ್ಕು ಹೋಗಲ್ಲ.”