ಎಡಕ್ಕೆ ಸುತ್ತಿದ ತಿರುಪು

ನದಿ ದಂಡೆಯ ಆಶ್ರಮದಲ್ಲಿ ಕಾಳಾಚಾರಿಗಳೆಂಬ ಗುರುಗಳಿದ್ದರು. ಸೀಸೆಯ ಬಿರಡೆ ತೆಗೆಯುವ ತಿರುಪು ಮಾಡುವುದರಲ್ಲಿ ಅವರದು ಎತ್ತಿದ ಕೈ. ಮೇಲೆ ಕೆತ್ತನೆಯ ಹಿತ್ತಾಳೆ ಹಿಡಿ, ಕೆಳಗೆ ಬಳ್ಳಿಯ ಹಾಗೆ ಸುತ್ತಿ ಇಳಿದ ಉಕ್ಕಿನ ಮೊನೆ.

ವಯಸ್ಸಾಗಿ ಕೈ ನಡುಗತೊಡಗಿದಾಗ ಅವರು ಮೌನೇಶ, ನಾಗಲಿಂಗ ಎಂಬ ಇಬ್ಬರು ಶಿಷ್ಯರನ್ನು ಕರೆದರು.

"ಒಂದೊಂದು ತಿರುಪು ಮಾಡ್ರಿ. ಹುಣ್ಣಿಮೆ ಪೂಜೆಗೆ ಪನ್ನೀರಿನ ಸೀಸೆ ಯಾರ ತಿರುಪಿನಿಂದ ತೆಗೀತೀನೋ, ಅವಂಗ ನನ್ನ ಚಾಣ."

ಚಾಣವೆಂದರೆ ಗುರುಗಳು ಜೀವಮಾನವೆಲ್ಲ ಕೆತ್ತಲು ಬಳಸಿದ ಉಳಿ; ಅದರ ಮೇಲೆ ಮೌನೇಶನಿಗೆ ಮೊದಲಿನಿಂದಲೂ ಕಣ್ಣು. ಆದರೆ ಕುಲುಮೆಯ ಆಚೆ, ಸರಿಯಾಗಿ ಎದುರಿಗೆ, ನಾಗಲಿಂಗನ ಮಣೆಯಿತ್ತು. ಅವನನ್ನು ಕಂಡರೆ ಮೌನೇಶನಿಗೆ ಹೊಟ್ಟೆಯುರಿ.

ನಾಗಲಿಂಗ ಹಿಡಿಯ ಮೇಲೆ ಒಂದು ನವಿಲು ಕೆತ್ತಿದ. ಮೌನೇಶ ಎರಡು ಕೆತ್ತಿದ. ಅವನು ಹೂಬಳ್ಳಿ ಹಬ್ಬಿಸಿದರೆ ಇವನು ಬಳ್ಳಿಯ ತುದಿಗೊಂದು ಸಿಂಹ ಕೂರಿಸಿದ.

"ಸಿಂಹ ಭಾಳ ಚಂದ ಬಂದೈತಿ. ನನ್ನ ಕೈಲೆ ಆಗೂದಿಲ್ಲ ಬಿಡು," ಎಂದ ನಾಗಲಿಂಗ.

ಆ ಹೊಗಳಿಕೆಯೂ ಮೌನೇಶನಿಗೆ ಚುಚ್ಚಿತು. ಸೋತವನ ಹಾಗೆ ಮಾತಾಡಿ ದೊಡ್ಡವನಾಗಲು ನೋಡುತ್ತಾನೆ, ಕಳ್ಳ, ಅಂದುಕೊಂಡ.

ಕೊನೆಗೆ ಮೊನೆಯ ಕೆಲಸ. ನಾಗಲಿಂಗ ಕಾದ ಉಕ್ಕಿನ ತಂತಿಯನ್ನು ಸರಳಿಗೆ ಸುತ್ತತೊಡಗಿದ. ಅವನಿಗಿಂತ ಬಿಗಿಯಾಗಿ ಸುತ್ತಬೇಕೆಂಬ ಹಟದಲ್ಲಿ ಮೌನೇಶ ಅವನ ಕೈಯನ್ನೇ ದಿಟ್ಟಿಸುತ್ತ ಸುತ್ತಿದ. ಆ ಕೈ ಹೊರಳಿದ ಕಡೆಗೇ ಇವನ ಕೈಯೂ ಹೊರಳಿತು. ತನ್ನ ತಂತಿಯ ಕಡೆ ಅವನು ನೋಡಲೇ ಇಲ್ಲ.

ಹುಣ್ಣಿಮೆಯ ಬೆಳಗ್ಗೆ ಗುರುಗಳು ಎರಡನ್ನೂ ನೋಡಿ, ಸಿಂಹದ ಹಿಡಿಯನ್ನೇ ಮೊದಲು ಎತ್ತಿಕೊಂಡರು. ಮೌನೇಶ ಖುಷಿಯಿಂದ ನಾಗಲಿಂಗನ ಮುಖ ನೋಡಿದ.

ಗುರುಗಳು ಬಿರಡೆಗೆ ಮೊನೆಯಿಟ್ಟು, ಎಲ್ಲರೂ ತಿರುವುವಂತೆ ಬಲಕ್ಕೆ ತಿರುವಿದರು. ಮೊನೆ ಇಳಿಯಲಿಲ್ಲ. ಬಿರಡೆಯ ಮೇಲೆ ಬರೀ ಪುಡಿ ಎದ್ದಿತು. ಎಡಕ್ಕೆ ತಿರುವಿದರು. ಸಲೀಸಾಗಿ ಇಳಿಯಿತು.

"ಎಡಕ್ಕ ತಿರುವಿದ್ರ ನಡೀತದಲ್ರೀ, ಅಜ್ಜಾರ," ಎಂದ ಮೌನೇಶ.

"ನಡೀತದ. ಆದ್ರ ಇದನ್ನ ಹಿಡಿದವರ ಪಕ್ಕದಾಗೆಲ್ಲ ನೀ ನಿಂತು ಹೇಳಬೇಕಾಗ್ತದಪಾ."

ಗುರುಗಳು ಅದನ್ನು ಹಿಂದಕ್ಕೆ ತಿರುವಿ ತೆಗೆದಿಟ್ಟು, ನಾಗಲಿಂಗನ ತಿರುಪಿನಿಂದ ಸೀಸೆ ತೆರೆದರು. ಪನ್ನೀರಿನ ಘಮ ಹರಡಿತು. ಚಾಣ ನಾಗಲಿಂಗನ ಕೈ ಸೇರಿತು.

ಪೂಜೆ ಮುಗಿದ ಮೇಲೆ ಮೌನೇಶ ತಡೆಯಲಾರದೆ ಗುರುಗಳ ಮುಂದೆ ಬಂದು ನಿಂತ.

"ಅವ ಹೆಂಗ ಸುತ್ತಿದ್ನೋ ಹಂಗ ಸುತ್ತೀನ್ರಿ. ಅವನ ಕೈ ಬಿಟ್ಟು ಕಣ್ಣು ಸರಿಸಿಲ್ಲ. ನಂದಷ್ಟ ಯಾಕ ತಿರುವುಮುರುವು ಆತು?"

"ಅವ ಎಲ್ಲಿ ಕೂತಿದ್ದ?"

"ನನ್ನ ಎದುರಿಗೆ."

"ಎದುರಿಗೆ ಕೂತವನ ಬಲ ನಿನಗ ಯಾವ ಕಡೆ ಬರ್ತದ?"

ಮೌನೇಶ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಎಡಕ್ರೀ," ಎಂದ ನಾಚಿಕೆಯಿಂದ.

ಗುರುಗಳು ಕುಲುಮೆಯ ಬಳಿಗೆ ಹೋದರು. ನಡುಗುವ ಕೈಯಿಂದಲೇ ಮೌನೇಶನ ಮಣೆಯನ್ನೆತ್ತಿ ತಂದು, ಹೊಳೆಗೆ ಮುಖ ಮಾಡಿ ಹಾಕಿದರು.

"ನಾಳಿಂದ ಇಲ್ಲಿ ಕೂಡು. ಇಲ್ಲಿ ನಿನಗ ನಿನ್ನ ಕೈ ಬಿಟ್ಟು ಬ್ಯಾರೆ ಕೈ ಕಾಣೂದಿಲ್ಲ."